ತಲೆ ಕೂಡಿಸದಿದ್ದರೆ ತಲೆ ಹೋಗುವುದಿಲ್ಲ

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಮಾತಿಗೆ ಬರವಿಲ್ಲ. ರಾಜಕೀಯ, ಕ್ರಿಕೆಟ್ಟು, ಸೈಟಿನ ದರ, ಯಾರ ಮಗಳಿಗೆ ಯಾವ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಎಲ್ಲವೂ ಮಾಲೂರು ದಾಟುವಷ್ಟರಲ್ಲಿ ಆಗಿರುತ್ತದೆ. ಇಂಥ ಬೋಗಿಯೊಳಗೆ ಅಮೆರಿಕನ್ ಫುಟ್‌ಬಾಲ್ ನುಗ್ಗಿದ್ದಕ್ಕೆ ಹೊಣೆ ನಾನೇ. ಅಲ್ಲಿನ ಭಾನುವಾರ ರಾತ್ರಿಯ ಪಂದ್ಯ ನಮ್ಮಲ್ಲಿ ಸೋಮವಾರ ಬೆಳಗ್ಗೆ 5:50ಕ್ಕೆ ಶುರು, ಚಳಿಗಾಲವಾದರೆ 6:50ಕ್ಕೆ. ಅಮೆರಿಕದ ಗಿರಾಕಿಗಳ ಲೆಕ್ಕ ನೋಡುವ ಕೆಲಸಕ್ಕೆ ಸೇರಿದಾಗ, ಅವರ ಜತೆ ನಾಲ್ಕು ಮಾತಾಡಲು ಇರಲಿ ಎಂದು ನೋಡತೊಡಗಿದ ಆಟ ಈಗ ಚಟವಾಗಿದೆ. ಬಂಗಾರಪೇಟೆಯಲ್ಲಿ ಹತ್ತಿ ಮೊಬೈಲನ್ನು ಕಿಟಕಿಯ ಸರಳಿಗೆ ಒರಗಿಸಿದರೆ ಸಾಕು, ಅಕ್ಕಪಕ್ಕದವರ ಕತ್ತೂ ಅತ್ತ ತಿರುಗುತ್ತದೆ. ಕತ್ತು ತಿರುಗಿದ ಮೇಲೆ ಬಾಯಿ ಸುಮ್ಮನಿರುತ್ತದೆಯೇ?

ಹೋದ ಸೋಮವಾರ ನಾನೊಂದು ಮಾತು ಅಂದೆ. ‘ನೋ-ಹಡಲ್’ ಆಟವನ್ನು ಕೊನೆಯ ಎರಡು ನಿಮಿಷದ ಪರದಾಟಕ್ಕಷ್ಟೇ ಮೀಸಲಿಡುವುದು ದಡ್ಡತನ, ವೃತ್ತಿಪರ ತಂಡ ಅದನ್ನು ಮೊದಲ ನಿಮಿಷದಿಂದಲೇ ಆಡಬೇಕು ಎಂದೆ. ಮೂರು ಜನ ಮೂರು ಕಡೆಯಿಂದ ಹರಿಹಾಯ್ದರು: ಒಬ್ಬರು ನಿವೃತ್ತ ಲೆಕ್ಕದ ಮೇಷ್ಟ್ರು, ಇನ್ನೊಬ್ಬ ವೈಟ್‌ಫೀಲ್ಡಿನಲ್ಲಿ ಇಳಿಯುವ ಎಂಜಿನಿಯರ್ ಹುಡುಗ, ಮತ್ತೊಬ್ಬರು ಮೊಮ್ಮಗನನ್ನು ನೋಡಲು ಹೊರಟಿದ್ದ, ಗಣಿಯಲ್ಲಿ ವೈಂಡಿಂಗ್ ಎಂಜಿನ್ ಓಡಿಸಿದ್ದ ಹಿರಿಯರು. ನಾನು ಎಲ್ಲಕ್ಕೂ ಉತ್ತರ ಕೊಡುವಷ್ಟರಲ್ಲಿ ವೈಟ್‌ಫೀಲ್ಡ್ ಬಂದು ಅರ್ಧ ಬೋಗಿ ಖಾಲಿಯಾಯಿತು. ಅಲ್ಲಿ ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಕಡೆ 11 ಜನ. ಚೆಂಡು ಹಿಡಿದ ತಂಡ ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಯತ್ನ. ಒಂದು ಯತ್ನ ಮುಗಿದು ಇನ್ನೊಂದು ಶುರುವಾಗಲು 40 ಸೆಕೆಂಡ್ ಗಡುವು. ಆ ಸಮಯದಲ್ಲಿ ಹನ್ನೊಂದೂ ಜನ ಚೆಂಡಿನಿಂದ ಹಿಂದೆ ಸರಿದು, ಸುತ್ತ ನಿಂತು, ಬಗ್ಗಿ, ತಲೆಗೆ ತಲೆ ಕೂಡಿಸುತ್ತಾರೆ. ಕ್ವಾರ್ಟರ್‌ಬ್ಯಾಕ್ ಎಂಬ ಸೂತ್ರಧಾರ ಮುಂದಿನ ಆಟದ ಹೆಸರು ಹೇಳುತ್ತಾನೆ. ಆ ಹೆಸರೋ ಗೂಡ್ಸ್ ಗಾಡಿಯಷ್ಟು ಉದ್ದ. ಈ ಗುಸುಗುಸು ಸಭೆಗೇ ಹಡಲ್ ಎನ್ನುವುದು. ಸಭೆ ಸೇರದೆ, ನೇರವಾಗಿ ಚೆಂಡಿನ ಮುಂದೆಯೇ ಸಾಲಾಗಿ ನಿಂತು, ಒಂದು ಪದದಲ್ಲೋ ಕೈಸನ್ನೆಯಲ್ಲೋ ಆಟ ಹೇಳಿಬಿಟ್ಟರೆ ಅದು ನೋ-ಹಡಲ್.

ಮೇಷ್ಟ್ರ ಮೊದಲ ಬಾಣ: “ಈ ಆಟ ಆಡಿದವರೆಲ್ಲ ಫೈನಲ್‌ನಲ್ಲಿ ಮಣ್ಣು ಮುಕ್ಕಿದ್ದಾರೆ.”

ಅವರ ಪಟ್ಟಿ ಸುಳ್ಳಲ್ಲ. ಸ್ಯಾಮ್ ವೈಚ್ ಎಂಬ ಕೋಚ್ 1988ರ ಋತುವಿನಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ತಂಡದಿಂದ ಪಂದ್ಯದುದ್ದಕ್ಕೂ ನೋ-ಹಡಲ್ ಆಡಿಸಿದರು. ತಂಡ ಸೂಪರ್ ಬೌಲ್ ಎಂಬ ಫೈನಲ್‌ವರೆಗೂ ಹೋಯಿತು. 1989ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎದುರು 20–16ರಿಂದ ಸೋತಿತು. ಕೊನೆಯ 34 ಸೆಕೆಂಡ್ ಬಾಕಿ ಇದ್ದಾಗ ಜೋ ಮೊಂಟಾನಾ ಎಸೆದ ಚೆಂಡನ್ನು ಹಿಡಿದು ಕತೆ ಮುಗಿಸಿದವನ ಹೆಸರು ಜಾನ್ ಟೇಲರ್. (ನಮ್ಮೂರಿನವರು ಇಲ್ಲಿ ಒಂದು ಕ್ಷಣ ನಗಬಹುದು. 1880ರಲ್ಲಿ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಮ್ಮ ನೆಲದಡಿಯ ಬಂಗಾರ ಹೊತ್ತೊಯ್ದಿತು, ಈ ಜಾನ್ ಟೇಲರ್ ನನ್ನ ವಾದದ ಬಂಗಾರ ಹೊತ್ತೊಯ್ದ.) ಆಮೇಲೆ ಬಫಲೊ ಬಿಲ್ಸ್. ಜಿಮ್ ಕೆಲ್ಲಿ ಸೂತ್ರಧಾರ, ಮಾರ್ವ್ ಲೆವಿ ಕೋಚ್, ‘ಕೆ-ಗನ್’ ಎಂಬ ನೋ-ಹಡಲ್ ಪದ್ಧತಿ. 1991ರಿಂದ 1994ರವರೆಗೆ ಸಾಲಾಗಿ ನಾಲ್ಕು ಸೂಪರ್ ಬೌಲ್, ನಾಲ್ಕೂ ಸೋಲು. 2013ರ ಋತುವಿನಲ್ಲಿ ಪೇಟನ್ ಮ್ಯಾನಿಂಗ್‌ನ ಡೆನ್ವರ್ ತಂಡ 606 ಅಂಕ ಗಳಿಸಿ ದಾಖಲೆ ಬರೆಯಿತು, ಫೈನಲ್‌ನಲ್ಲಿ ಸಿಯಾಟಲ್ ಎದುರು 43–8ರಿಂದ ಚಿಂದಿಯಾಯಿತು.

ಮೇಷ್ಟ್ರೇ, ನೀವು ಲೆಕ್ಕ ಕಲಿಸಿದವರು, ಅರ್ಧ ಪಟ್ಟಿ ಓದಿ ಮೊತ್ತ ಹಾಕಬಾರದು. ಸಾಲಾಗಿ ನಾಲ್ಕು ಸೂಪರ್ ಬೌಲ್ ಆಡಿದ ತಂಡ ಇವತ್ತಿನವರೆಗೂ ಬಫಲೊ ಒಂದೇ. ಅದರಲ್ಲಿ ಮೊದಲನೆಯದು ಹೋದದ್ದು 20–19ರಿಂದ, ಕೊನೆಯ ಕ್ಷಣದಲ್ಲಿ 47 ಗಜದಿಂದ ಒದ್ದ ಚೆಂಡು ಕಂಬದ ಬಲಕ್ಕೆ ಸರಿದದ್ದರಿಂದ. ಒದೆಯುವ ಮುಂಚೆ ತಲೆ ಕೂಡಿಸಿದ್ದರೆ ಚೆಂಡು ಎಡಕ್ಕೆ ಬಾಗುತ್ತಿತ್ತೇ? ಅದೇ ಮ್ಯಾನಿಂಗ್, ಡೆನ್ವರ್‌ಗೆ ಹೋಗುವ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಕೋಚ್ ಟಾಮ್ ಮೂರ್ ಕಟ್ಟಿದ ನೋ-ಹಡಲ್ ಪದ್ಧತಿಯಲ್ಲೇ ವರ್ಷಗಟ್ಟಲೆ ಆಡಿದವನು. ಆ ತಂಡ 2007ರ ಫೆಬ್ರವರಿಯಲ್ಲಿ, ಸುರಿವ ಮಳೆಯಲ್ಲಿ, ಶಿಕಾಗೊವನ್ನು 29–17ರಿಂದ ಸೋಲಿಸಿ ಕಪ್ ಎತ್ತಿತು. ಇದು ನಿಮ್ಮ ಪಟ್ಟಿಯಲ್ಲಿ ಯಾಕಿಲ್ಲ? ಸೋತವರ ಸಾಲಿನಲ್ಲಿ ಹಡಲ್ ಮಾಡಿದವರನ್ನೂ ನಿಲ್ಲಿಸಿದರೆ ಆ ಸಾಲು ಮಾರಿಕುಪ್ಪಂನಿಂದ ಟೇಕಲ್‌ವರೆಗೆ ಬರುತ್ತದೆ.

ಎಂಜಿನಿಯರ್ ಹುಡುಗನ ಮಾತಿಗೆ ಹೆಚ್ಚು ತೂಕವಿದೆ. “ಬೇಗ ಬೇಗ ಆಡಿ ಬೇಗ ವಿಫಲರಾದರೆ ನಿಮ್ಮದೇ ರಕ್ಷಣಾ ಪಡೆ ಉಸಿರು ತಿರುಗಿಸಿಕೊಳ್ಳುವ ಮುಂಚೆ ಮತ್ತೆ ಮೈದಾನಕ್ಕಿಳಿಯಬೇಕು. ಬಫಲೊ ಸೋತ ಆ ಮೊದಲ ಫೈನಲ್‌ನಲ್ಲಿ ಎದುರಾಳಿ ಚೆಂಡು ಹಿಡಿದದ್ದು 60 ನಿಮಿಷದಲ್ಲಿ 40ಕ್ಕೂ ಹೆಚ್ಚು.” ಹೌದು, ನ್ಯೂಯಾರ್ಕ್ ಜೈಂಟ್ಸ್ ಅಂದು ಚೆಂಡನ್ನು 40 ನಿಮಿಷ 33 ಸೆಕೆಂಡ್ ತನ್ನ ಹತ್ತಿರವೇ ಇಟ್ಟುಕೊಂಡಿತ್ತು.

ಆದರೆ ತಮ್ಮಾ, ಮೂರು ಯತ್ನ ವಿಫಲವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ಎದುರಾಳಿಗೆ ಒದ್ದು ಕೊಟ್ಟಾಗ, ಹಡಲ್ ಮಾಡಿದ ತಂಡಕ್ಕೂ ಮಾಡದ ತಂಡಕ್ಕೂ ವ್ಯತ್ಯಾಸ ಹೆಚ್ಚೆಂದರೆ ಒಂದು ನಿಮಿಷ. ಎಸೆತ ನೆಲಕ್ಕೆ ಬಿದ್ದರೆ ಗಡಿಯಾರವೇ ನಿಲ್ಲುತ್ತದೆ, ಆಗ ಅಷ್ಟೂ ಇಲ್ಲ. ರಕ್ಷಣೆಯವರು ಸುಸ್ತಾಗುವುದು ಒಂದು ನಿಮಿಷ ಕಡಿಮೆ ಕೂತದ್ದಕ್ಕಲ್ಲ, ಮೂರು ಯತ್ನದಲ್ಲಿ 10 ಗಜ ಬಾರದ್ದಕ್ಕೆ. ಇನ್ನು ಮೈ ದಣಿಯುವುದು ನಿಮಿಷದ ಲೆಕ್ಕದಲ್ಲಲ್ಲ, ಗುದ್ದಾಟದ ಲೆಕ್ಕದಲ್ಲಿ. 2017ರ ಫೆಬ್ರವರಿಯ ಸೂಪರ್ ಬೌಲ್ ನೆನಪಿಸಿಕೊ. ಅಟ್ಲಾಂಟಾ 28–3ರಿಂದ ಮುಂದಿತ್ತು. ಟಾಮ್ ಬ್ರಾಡಿಯ ನ್ಯೂ ಇಂಗ್ಲೆಂಡ್ ಆ ದಿನ ಒಟ್ಟು 93 ಯತ್ನ ಆಡಿತು, ಅಟ್ಲಾಂಟಾ ಆಡಿದ್ದು 46. ಹಿಂದೆ ಬಿದ್ದ ತಂಡ ಗಡಿಯಾರದ ಜತೆ ಓಡುತ್ತಾ ಎದುರಾಳಿಯ ದಢೂತಿ ಆಳುಗಳನ್ನು ಒಂದೇ ಸಮನೆ ಎಬ್ಬಿಸಿತು, ಬೀಳಿಸಿತು, ಮತ್ತೆ ಎಬ್ಬಿಸಿತು. ಕೊನೆಗೆ ಅವರ ಕಾಲು ನೆಲ ಬಿಡಲಿಲ್ಲ. ಹೆಚ್ಚುವರಿ ಸಮಯದಲ್ಲಿ 34–28. ದಣಿದದ್ದು ಯಾರ ರಕ್ಷಣೆ?

ಈ ದಣಿವಿನ ಗುಟ್ಟು ನಿಯಮದಲ್ಲಿದೆ. ಚೆಂಡು ಹಿಡಿದ ತಂಡ ಆಟಗಾರರನ್ನು ಬದಲಿಸಿದರೆ ಎದುರಾಳಿಗೂ ಬದಲಿಸಿಕೊಳ್ಳಲು ಅಂಪೈರ್ ಸಮಯ ಕೊಡಬೇಕು, ಅಲ್ಲಿಯವರೆಗೆ ಚೆಂಡು ಬಿಡುವಂತಿಲ್ಲ. ಬದಲಿಸದಿದ್ದರೆ ಆ ಸಮಯದ ಭರವಸೆ ಇಲ್ಲ. ಅಂದರೆ ಒಳಗಿರುವ 11 ಜನರನ್ನೇ ಇಟ್ಟುಕೊಂಡು ಮುಂದೆ ಸಾಗಿದರೆ, ಎದುರಾಳಿಯ ಏದುಸಿರು ಬಿಡುವ ಆಳು ಒಳಗೇ ಸಿಕ್ಕಿಬೀಳುತ್ತಾನೆ. ಓಡುವ ಆಟ ತಡೆಯಲೆಂದು ಬಂದ ಭಾರದ ಮನುಷ್ಯ, ಎಸೆತದ ಆಟದಲ್ಲಿ ಚುರುಕು ಹುಡುಗನ ಹಿಂದೆ ಓಡಬೇಕು.

ಇದನ್ನು ನಾನು ಬೋಗಿಯಲ್ಲಿ ವಿವರಿಸಿದಾಗ ಯಾರಿಗೂ ತಲೆಗೆ ಹೋಗಲಿಲ್ಲ. ಬಂಗಾರಪೇಟೆಯ ಪಾನಿಪುರಿ ಗಾಡಿ ನೆನೆಸಿಕೊಳ್ಳಿ, ಹೋಗುತ್ತದೆ. ಸಂಜೆ ಐದಾರು ಜನ ತಟ್ಟೆ ಹಿಡಿದು ಸುತ್ತ ನಿಂತಿದ್ದೀರಿ. ಗಾಡಿಯವನು “ಇನ್ನೊಂದು ಕೊಡಲೇ?” ಎಂದು ಕೇಳುವುದಿಲ್ಲ. ಹೆಬ್ಬೆರಳಿಂದ ಪುರಿ ಒಡೆದ, ತುಂಬಿದ, ನೀರಿನಂತೆ ತಿಳಿಯಾದ ನಮ್ಮೂರಿನ ಆ ಪಾನಿ ಹೊಯ್ದ, ನಿಮ್ಮ ತಟ್ಟೆಗಿಟ್ಟ. ಕಣ್ಣಲ್ಲಿ ನೀರು, ಮೂಗು ಒರೆಸಿಕೊಳ್ಳಲು ಜೇಬಿಗೆ ಕೈ ಹಾಕುವಷ್ಟರಲ್ಲಿ ಇನ್ನೊಂದು ತಟ್ಟೆಯಲ್ಲಿ. ಪಕ್ಕಕ್ಕೆ ಸರಿದು ಉಸಿರೆಳೆದುಕೊಂಡು ಬರೋಣ ಎಂದರೆ ಜಾಗ ಹೋಗುತ್ತದೆ. ಅವನಿಗೆ ಅವಸರವೇನೂ ಇಲ್ಲ, ಮುಖ ನೋಡಿ, ಬೆವರೂ ಬಂದಿರುವುದಿಲ್ಲ. ಲಯ ಅವನ ಕೈಯಲ್ಲಿದೆ ಅಷ್ಟೆ. ಬೆವರುವವರು ನಾವು.

ಮೇಷ್ಟ್ರು ಇದಕ್ಕೆ “ಹಾಗಾದರೆ ಅದು ಆಟವಲ್ಲ, ಮೋಸ” ಅಂದರು. ಎದುರಾಳಿಗೆ ಸಿದ್ಧವಾಗಲು ಅವಕಾಶ ಕೊಡದಿರುವುದು ಮರ್ಯಾದೆಯಲ್ಲವಂತೆ.

ಇದೇ ಮಾತನ್ನು 1989ರ ಜನವರಿಯಲ್ಲಿ ಬಫಲೊ ತಂಡ ಆಡಿತ್ತು. ಸಿನ್ಸಿನಾಟಿಯ ಎದುರು ಸೆಮಿಫೈನಲ್ ಎನ್ನಬಹುದಾದ ಪಂದ್ಯ. ಆಟ ಶುರುವಾಗಲು ಕೆಲವೇ ಗಂಟೆ ಇರುವಾಗ ಲೀಗಿನ ಮುಖ್ಯಸ್ಥ ಪೀಟ್ ರೋಜೆಲ್ ಕಡೆಯಿಂದ ವೈಚ್‌ಗೆ ಸುದ್ದಿ ಬಂತು: ನಿಮ್ಮ ನೋ-ಹಡಲ್ ಆಡಿದರೆ ದಂಡ. ವೈಚ್ ಗೊಣಗುತ್ತಲೇ ಒಪ್ಪಿದರು, ಆದರೂ 21–10ರಿಂದ ಗೆದ್ದರು. ಮುಂದೇನಾಯಿತು? ದೂರು ಕೊಟ್ಟ ಅದೇ ಬಫಲೊ, ಅದೇ ಮಾರ್ವ್ ಲೆವಿ, ಎರಡು ವರ್ಷ ತುಂಬುವ ಮೊದಲೇ ನೋ-ಹಡಲನ್ನು ತಮ್ಮ ಮನೆದೇವರು ಮಾಡಿಕೊಂಡರು. 1991ರ ಜನವರಿಯಲ್ಲಿ ಅದನ್ನೇ ಆಡಿ ಲಾಸ್ ಏಂಜಲೀಸ್ ರೈಡರ್ಸ್ ತಂಡವನ್ನು 51–3ರಿಂದ ಕೆಡವಿದರು. ಹುಳಿ ದ್ರಾಕ್ಷಿ ಕೈಗೆಟುಕಿದ ಮೇಲೆ ಸಿಹಿಯಾಯಿತು.

ಮೋಸ ಹುಡುಕಬೇಕಾದರೆ ಇನ್ನೊಂದು ಕಡೆ ಹುಡುಕಿ. ಈ ಆಟವನ್ನು ತಡೆಯಲಾರದ ರಕ್ಷಣೆಯವರು ಮಾಡುವ ನಾಟಕವಿದೆ: ಇದ್ದಕ್ಕಿದ್ದಂತೆ ಕಾಲು ಹಿಡಿದುಕೊಂಡು ಬೀಳುವುದು. 2011ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಇಬ್ಬರು ಆಟಗಾರರು ಒಂದೇ ಕ್ಷಣದಲ್ಲಿ ನೆಲಕ್ಕುರುಳಿದರು. ಆಮೇಲೆ ಲೀಗು ಎಲ್ಲ ತಂಡಗಳಿಗೂ ಎಚ್ಚರಿಕೆಯ ಪತ್ರ ಕಳಿಸಬೇಕಾಯಿತು. ನಮ್ಮ ಕಬಡ್ಡಿಯಲ್ಲಿ ರೈಡರ್‌ಗೆ 30 ಸೆಕೆಂಡ್, ಖೋ-ಖೋದಲ್ಲಿ ‘ಖೋ’ ಬಿದ್ದ ಕೂಡಲೇ ಎದ್ದು ಓಟ. ಓಡುವವನು ಸಿದ್ಧನಾಗಲಿ ಎಂದು ಅಲ್ಲಿ ಯಾರೂ ಕಾಯುವುದಿಲ್ಲ. ಅದನ್ನು ಮೋಸ ಅಂದವರಿಲ್ಲ.

ಇನ್ನು ಹಿರಿಯರ ಆಕ್ಷೇಪ. ಅವರು ಕಡಿಮೆ ಮಾತಿನವರು, ಅಂದದ್ದು ಒಂದೇ ಮಾತು: “ಮಾತಾಡದೆ ಮಾಡುವ ಕೆಲಸದಲ್ಲಿ ಜೀವ ಹೋಗ್ತದೆ.” ಮೂರರಲ್ಲಿ ಇದೇ ನನ್ನನ್ನು ನಿದ್ದೆಗೆಡಿಸಿದ್ದು. ಅವರು ನಡೆಸಿದ್ದು ಚಾಂಪಿಯನ್ ರೀಫ್‌ನಂಥ, 3 ಕಿಲೋಮೀಟರಿಗೂ ಹೆಚ್ಚು ಆಳದ ಗಣಿಗೆ ಜನರನ್ನು ಇಳಿಸಿ ಹತ್ತಿಸುವ ಯಂತ್ರ. ಕೈ ತಪ್ಪಿದರೆ ಪಂಜರದೊಳಗಿನ ಜನರ ಗತಿ ನೋಡುವಂತಿಲ್ಲ. ಅಂಥವರು ಹೀಗಂದರೆ ತಳ್ಳಿಹಾಕಲು ಬರುವುದಿಲ್ಲ.

ಆದರೆ ಅಯ್ಯಾ, ನೀವು ಎಂಜಿನ್ ಮನೆಯಲ್ಲಿ ಕೂತು ಕೆಳಗಿನವರ ಜತೆ ಯಾವತ್ತು ಮಾತಾಡಿದಿರಿ? ನಿಮಗೆ ಶಾಫ್ಟಿನ ಬಾಯಿಯೂ ಕಾಣುತ್ತಿರಲಿಲ್ಲ. ಕಣ್ಣೆದುರು ಒಂದು ಡಯಲ್, ಕಿವಿಗೆ ಗಂಟೆ. ಮೂರು ಗಂಟೆ ಎಂದರೆ ಜನ ಹತ್ತುತ್ತಿದ್ದಾರೆ, ಚಲಿಸುವಾಗ ಒಂದು ಗಂಟೆ ಎಂದರೆ ಅಲ್ಲೇ ನಿಲ್ಲಿಸು. “ಯಾಕೆ ನಿಲ್ಲಿಸಲಿ, ಬನ್ನಿ ಕೂತು ಚರ್ಚಿಸೋಣ” ಎಂದು ನೀವು ಕೇಳಿದ್ದರೆ ಜೀವ ಹೋಗುತ್ತಿದ್ದದ್ದು ಆಗ. ಗಂಟೆಯ ಅರ್ಥವನ್ನು ಮೊದಲೇ, ಮೇಲೆ, ನೆಲದ ಮೇಲೆ ನಿಂತು, ಸಾವಿರ ಸಲ ಕಲಿತಿದ್ದಿರಿ. ನೋ-ಹಡಲ್ ಎಂದರೆ ಇಷ್ಟೇ. ಮಾತು ನಿಲ್ಲುವುದಿಲ್ಲ, ಮಾತಿನ ಜಾಗ ಬದಲಾಗುತ್ತದೆ. ವಾರವಿಡೀ ಆಡಿ ಮುಗಿಸಿದ ಮಾತನ್ನು ಭಾನುವಾರ ಒಂದು ಗಂಟೆಯಾಗಿ ಬಾರಿಸುತ್ತಾರೆ. 2012ರಲ್ಲಿ ನ್ಯೂ ಇಂಗ್ಲೆಂಡ್ ತಂಡದ ಕರೆಗಳು ಒಂದೊಂದೇ ಪದಕ್ಕೆ ಇಳಿದಿದ್ದವು. ಯಾರು ಎಲ್ಲಿ ನಿಲ್ಲಬೇಕು, ಯಾವ ಕಡೆ ಓಡಬೇಕು, ಯಾರನ್ನು ತಡೆಯಬೇಕು, ಎಲ್ಲವೂ ಆ ಒಂದು ಪದದೊಳಗೆ.

ಇದರ ರುಚಿ ನನಗೆ ಬೇರೆ ಫುಟ್‌ಬಾಲಿನಿಂದ ಗೊತ್ತು, ಕಾಲಿನಿಂದ ಆಡುವ ನಮ್ಮ ಫುಟ್‌ಬಾಲಿನಿಂದ. ಉರಿಗಾಂನ ಮೈದಾನದಲ್ಲಿ ನಾವು ಹುಡುಗರು ಬೆಂಗಳೂರಿನಿಂದ ಬಂದ ತಂಡದ ಎದುರು ಆಡುವಾಗ ಗುಟ್ಟಾಗಿರಲಿ ಎಂದು ತಮಿಳಿನಲ್ಲಿ ಕೂಗಿಕೊಂಡೆವು. ಅವರಿಗೂ ತಮಿಳು ಬರುತ್ತಿತ್ತು. ತೆಲುಗಿಗೆ ಹಾರಿದೆವು, ಅದೂ ಬರುತ್ತಿತ್ತು. ವಿರಾಮದಲ್ಲಿ ನಮ್ಮ ಗೋಲಿ ಒಂದು ಉಪಾಯ ತೆಗೆದ. ‘ಗಿಫರ್ಡ್’ ಎಂದರೆ ಎಡದಂಚಿಗೆ ಉದ್ದ ಚೆಂಡು, ‘ಎಡ್ಗರ್’ ಎಂದರೆ ಬಲಕ್ಕೆ, ‘ಹೀತ್‌ಕೋಟ್’ ಎಂದರೆ ಹಿಂದಕ್ಕೆ ಕೊಟ್ಟು ತಡಿ. ಮೂರೂ ನಮ್ಮ ಗಣಿ ಶಾಫ್ಟುಗಳ ಹೆಸರು, ಹಾಲು ಕುಡಿಯುವ ಕಾಲದಿಂದ ಕೇಳಿದ್ದು, ತಪ್ಪುವ ಮಾತೇ ಇಲ್ಲ. ಬೆಂಗಳೂರಿನವರು ಯಾರೋ ಇಂಗ್ಲಿಷ್ ದೊರೆಗಳನ್ನು ಕರೆಯುತ್ತಿದ್ದಾರೆ ಎಂದುಕೊಂಡರು. ಆ ಪಂದ್ಯ ನಾವು ಗೆಲ್ಲಲಿಲ್ಲ, ಡ್ರಾ ಆಯಿತು. ಆದರೆ ದ್ವಿತೀಯಾರ್ಧದಲ್ಲಿ ಅವರು ನಮ್ಮ ಗೋಲಿನ ಹತ್ತಿರ ಬಂದದ್ದು ಕಡಿಮೆ.

ಹಡಲ್ ಹುಟ್ಟಿದ ಕತೆಯೂ ಇಂಥದ್ದೇ. 1890ರ ದಶಕದಲ್ಲಿ ವಾಷಿಂಗ್ಟನ್ನಿನ ಗ್ಯಾಲಡೆಟ್ ಎಂಬ ಕಿವುಡರ ಕಾಲೇಜಿನ ಪಾಲ್ ಹಬ್ಬರ್ಡ್, ಎದುರಿನ ಕಿವುಡರ ತಂಡ ತನ್ನ ಕೈಸನ್ನೆ ಓದಿಬಿಡುತ್ತದೆಂದು ಆಟಗಾರರನ್ನು ಸುತ್ತ ನಿಲ್ಲಿಸಿ ಮರೆ ಮಾಡಿಕೊಂಡನಂತೆ. ಅಂದರೆ ಹಡಲ್ ಹುಟ್ಟಿದ್ದು ಸನ್ನೆ ಬಚ್ಚಿಡಲು, ವಿಚಾರ ವಿನಿಮಯಕ್ಕಲ್ಲ. ಸನ್ನೆಯನ್ನು ವಾರಕ್ಕೊಮ್ಮೆ ಬದಲಿಸಲು ಬರುವವರಿಗೆ ಆ ಮರೆ ಯಾಕೆ?

“ಗದ್ದಲದಲ್ಲಿ ಒಂದು ಪದವೂ ಕೇಳಿಸದೆ ಎಡವಟ್ಟಾಗುವುದಿಲ್ಲವೇ?” ಎಂದು ಹುಡುಗ ನಡುವೆ ಬಾಯಿ ಹಾಕಿದ್ದ. ಆಗುತ್ತದೆ. ಆ 43–8ರ ಫೈನಲ್‌ನಲ್ಲಿ ಡೆನ್ವರ್‌ನ ಮೊಟ್ಟಮೊದಲ ಯತ್ನದಲ್ಲೇ, ಮ್ಯಾನಿಂಗ್ ಇನ್ನೂ ಮುಂದೆ ನಡೆಯುತ್ತಿದ್ದಾಗ ಚೆಂಡು ಅವನ ತಲೆಯ ಪಕ್ಕದಿಂದ ಹಾರಿಹೋಯಿತು. 12 ಸೆಕೆಂಡಿಗೆ ಎದುರಾಳಿಗೆ 2 ಅಂಕ. ಆದರೆ ಚೆಂಡು ಯಾವಾಗ ಬಿಡಬೇಕೆಂಬ ಕೂಗು ಹಡಲ್ ಮಾಡಿದವರಿಗೂ ಸಾಲಿನಲ್ಲಿ ನಿಂತ ಮೇಲೇ ಕೇಳಿಸಬೇಕು. ಗದ್ದಲ ಇಬ್ಬರಿಗೂ ಒಂದೇ. ಬದಲಿಗೆ ನೋ-ಹಡಲಿಗೆ ಒಂದು ಲಾಭವಿದೆ. 1994ರಿಂದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನಲ್ಲಿ ಕೋಚ್ ಮಾತು ಕೇಳಿಸುವ ರೇಡಿಯೊ ಇದೆ, ಗಡುವಿನ ಕೊನೆಯ 15 ಸೆಕೆಂಡಿಗೆ ಅದು ಬಂದ್. ಹಡಲ್ ಮಾಡುವವರು ಸಾಲಿಗೆ ಬಂದು ನಿಲ್ಲುವಷ್ಟರಲ್ಲಿ ಆ ದನಿ ಸತ್ತಿರುತ್ತದೆ. ಮೊದಲೇ ಬಂದು ನಿಂತವರಿಗೆ ಎದುರಾಳಿ ಹೇಗೆ ನಿಂತಿದ್ದಾನೆಂದು ನೋಡಿ, ಕೋಚ್ ಹೇಳುವುದನ್ನೂ ಕೇಳಿ, ಆಟ ಬದಲಿಸಲು ಸಮಯ ಉಳಿಯುತ್ತದೆ.

ಹುಡುಗನ ಕೊನೆಯ ಮಾತು ಚಿಪ್ ಕೆಲ್ಲಿಯ ಬಗ್ಗೆ. ಇಲ್ಲಿ ನಾನು ಅರ್ಧ ಸೋಲು ಒಪ್ಪುತ್ತೇನೆ. ಒರೆಗಾನ್ ವಿಶ್ವವಿದ್ಯಾಲಯದಿಂದ ಬಂದ ಈ ಕೋಚ್ 2013ರಲ್ಲಿ ಫಿಲಡೆಲ್ಫಿಯಾ ತಂಡವನ್ನು ಬಿರುಗಾಳಿಯಂತೆ ಓಡಿಸಿದರು. ಹಿಂದಿನ ವರ್ಷ 16ರಲ್ಲಿ 4 ಗೆದ್ದಿದ್ದ ತಂಡ 10 ಗೆದ್ದಿತು. ಮರುವರ್ಷವೂ 10. ಮೂರನೇ ವರ್ಷ ಋತು ಮುಗಿಯುವ ಮುಂಚೆಯೇ, 6 ಗೆಲುವು 9 ಸೋಲಿಗೆ, ಅವರನ್ನು ಮನೆಗೆ ಕಳಿಸಿದರು. ಮುಂದಿನ ತಂಡದಲ್ಲಿ 16ಕ್ಕೆ 2. ಎದುರಾಳಿಗಳು ಅವರ ಆಟದ ಪುಸ್ತಕ ಓದಿ ಮುಗಿಸಿದ್ದರು, ಏಕೆಂದರೆ ಅದರಲ್ಲಿ ಪುಟಗಳು ಕಡಿಮೆ ಇದ್ದವು. ಅವರು ವೇಗವನ್ನೇ ಗುರಿ ಮಾಡಿಕೊಂಡರು, ಎಡೆಬಿಡದೆ ಒಂದೇ ವೇಗ. ಮ್ಯಾನಿಂಗ್ ಮಾಡಿದ್ದು ಬೇರೆ: ಸಾಲಿಗೆ ಬೇಗ ಬಂದು, ಆಮೇಲೆ ಕೈ ಬೀಸುತ್ತಾ, ಕೂಗುತ್ತಾ, ಗಡುವಿನ ಕೊನೆಯ ಸೆಕೆಂಡಿನವರೆಗೆ ಎಳೆಯುವುದು. ಎದುರಾಳಿಗೆ ಈಗ ಬಿಡುತ್ತಾನೋ ಆಮೇಲೋ ತಿಳಿಯದು, ಆಳು ಬದಲಿಸಲೂ ಧೈರ್ಯ ಸಾಲದು. ನಾನು ಬೋಗಿಯಲ್ಲಿ ಈ ಎರಡನ್ನೂ ಒಂದೇ ಹೆಸರಿನಲ್ಲಿ ಕರೆದದ್ದು ತಪ್ಪು. ವೇಗ ಬೇರೆ, ಹಡಲ್ ಬಿಡುವುದು ಬೇರೆ. ನಾನು ಬೇಕು ಅಂದದ್ದು ಎರಡನೆಯದು.

ಅಂದ ಹಾಗೆ, ಇದು ನಮಗೆ ಸಂಬಂಧವಿಲ್ಲದ ಆಟ ಎಂದು ಗೊಣಗಿದವರೂ ಇದ್ದರು. 2012ರ ಹೊತ್ತಿಗೆ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಎಂಬುದೊಂದು ಬಂದಾಗ ಬೆಂಗಳೂರಿನ ಹೆಸರಿನಲ್ಲೇ ವಾರ್‌ಹಾಕ್ಸ್ ಎಂಬ ತಂಡವಿತ್ತು. ಇದೇ ಆಟದ ಮೈ ತಾಕದ ರೂಪ, ಫ್ಲ್ಯಾಗ್ ಫುಟ್‌ಬಾಲ್, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿದೆ.

ಹಿರಿಯರು ಆವತ್ತು ಕಂಟೋನ್ಮೆಂಟಿನಲ್ಲಿ ಇಳಿಯುವ ಮುಂಚೆ ನನ್ನ ಮೊಬೈಲಿನಲ್ಲಿ ಒಂದು ಆಟ ಪೂರ್ತಿ ನೋಡಿದರು. ಕ್ವಾರ್ಟರ್‌ಬ್ಯಾಕ್ ಸಾಲಿನ ಹಿಂದೆ ನಿಂತು ಎರಡು ಸಲ ಚಪ್ಪಾಳೆ ತಟ್ಟಿದ, ಚೆಂಡು ಬಂತು. ಅವರು ಏನೂ ಅನ್ನಲಿಲ್ಲ, ಬೆರಳಿಂದ ಸೀಟಿನ ಹಲಗೆಯ ಮೇಲೆ ಎರಡು ಸಲ ಕುಟ್ಟಿದರು.

ಮೇಷ್ಟ್ರೇ, ನಿಮ್ಮ ಪಟ್ಟಿಯಲ್ಲಿ 2007 ಸೇರಿಸಿಕೊಂಡು ಸೋಮವಾರ ಬನ್ನಿ. ನಾನು ಎಂದಿನಂತೆ ಬಂಗಾರಪೇಟೆಯಲ್ಲಿ ಹತ್ತುತ್ತೇನೆ, ಮುಂದಿನಿಂದ ಮೂರನೇ ಬೋಗಿ. ಕಿಟಕಿ ಪಕ್ಕದ ಸೀಟು ಹಿಡಿದಿಡಿ.